ಹಿರಿಯಾಕೆಯ ದಾರಿ

ಸತ್ತ ಎಮ್ಮೆಗೆ ಸೇರು ಹಾಲು ಎನ್ನುತ್ತಾರಲ್ಲ, ಆ ಎಮ್ಮೆ ನಮ್ಮ ಮನೆಯಲ್ಲೇ ಇತ್ತು. ನಾನು ಕಲ್ಲೋಳಿಯಿಂದ ಗೋಕಾಕಿಗೆ ಎರಡನೆಯ ಹೆಂಡತಿಯಾಗಿ ಬಂದವಳು. ನನ್ನ ಗಂಡನ ಮೊದಲ ಹೆಂಡತಿ ಹುಕ್ಕೇರಿಯವಳು. ನಾನು ಬರುವ ಹಿಂದಿನ ವರ್ಷ ಜಡ್ಡಾಗಿ ತೀರಿಕೊಂಡಿದ್ದಳು. ಮನೆಯಲ್ಲಿ ಯಾರೂ ಅವಳ ಹೆಸರು ಎತ್ತುತ್ತಿರಲಿಲ್ಲ, ಹಿರಿಯಾಕೆ ಎನ್ನುತ್ತಿದ್ದರು. ಹಿರಿಯಾಕೆ ಬಡಿದ ರೊಟ್ಟಿ ಹಪ್ಪಳದಷ್ಟು ತೆಳ್ಳಗಂತೆ. ಹಿರಿಯಾಕೆ ಎಂದೂ ಎದುರು ಮಾತಾಡಿದವಳಲ್ಲವಂತೆ. ಹಿರಿಯಾಕೆ ನಕ್ಕರೆ ಸಪ್ಪಳವೇ ಬರುತ್ತಿರಲಿಲ್ಲವಂತೆ. ನಾನು ನಕ್ಕರೆ ಓಣಿಯ ಆ ತುದಿಗೆ ಕೇಳಿಸುತ್ತಿತ್ತು. ಬದುಕಿದ್ದ ಸವತಿಯಾಗಿದ್ದರೆ ಜಗಳಾಡಿಕೊಂಡಾದರೂ ಇರುತ್ತಿದ್ದೆ, ಒಂದಲ್ಲ ಒಂದು ದಿನ ಅವಳ ರೊಟ್ಟಿಯೂ ಸೀದದ್ದನ್ನು ಕಣ್ಣಾರೆ ನೋಡುತ್ತಿದ್ದೆ. ಇವಳ ರೊಟ್ಟಿ ಸೀಯುವ ಕಾಲ ಮುಗಿದುಹೋಗಿತ್ತು.

ಸಾಲದ್ದಕ್ಕೆ ಅವಳನ್ನು ನನ್ನ ಕೊರಳಿಗೇ ಕಟ್ಟಿದ್ದರು. ನಮ್ಮ ಕಡೆ ಅದೊಂದು ಪದ್ಧತಿ. ಹೆಂಡತಿ ಸತ್ತವನನ್ನು ಮದುವೆಯಾದವಳು, ತೀರಿಹೋದವಳ ಮುಖ ಒತ್ತಿದ ಸಣ್ಣ ಬಂಗಾರದ ಬಿಲ್ಲೆಯೊಂದನ್ನು ತಾಳಿಯ ಪಕ್ಕದಲ್ಲೇ ಪೋಣಿಸಿಕೊಳ್ಳಬೇಕು. ಅದಕ್ಕೆ ಟಾಕು ಅನ್ನುತ್ತಿದ್ದೆವು. ಹೊಸ ಸೀರೆ ಬಂದರೆ ಮೊದಲು ಟಾಕಿಗೆ ಮುಟ್ಟಿಸಿ ಆಮೇಲೆ ನಾನು ಉಡಬೇಕು. ಹಬ್ಬದ ಹೋಳಿಗೆ ಮೊದಲು ಅವಳಿಗೆ ತೋರಿಸಿ ಆಮೇಲೆ ನಾನು ತಿನ್ನಬೇಕು. ಅಕ್ಕಸಾಲಿಗ ಬಿಲ್ಲೆಯ ಮೇಲೆ ಎರಡು ಕಣ್ಣು, ಒಂದು ಮೂಗು ಗೀರಿ ಕೈತೊಳೆದುಕೊಂಡಿದ್ದ, ಅದು ಯಾರ ಮುಖ ಬೇಕಾದರೂ ಆಗಬಹುದಿತ್ತು. ಆದರೂ ಕುಂಕುಮ ಹಚ್ಚಿಕೊಳ್ಳಲು ಕನ್ನಡಿಯ ಮುಂದೆ ನಿಂತಾಗ ನನಗಿಂತ ಮೊದಲು ಅವಳೇ ಕಾಣುತ್ತಿದ್ದಳು.

ನನ್ನ ಗಂಡನದು ಬಾಡಿಗೆ ಮೋಟಾರು. ಬೆಳಗಾವಿಯ ಸಾಹುಕಾರರೊಬ್ಬರು ಓಡಿಸಿ ಸಾಕಾಗಿ ಮಾರಿದ ಹಳೆಯ ಗಾಡಿ. ಫಾಲ್ಸ್ ನೋಡಲು ಬಂದವರು, ಹೆಣ್ಣು ನೋಡಲು ಹೊರಟವರು, ಮುಧೋಳಕ್ಕೋ ಮೂಡಲಗಿಗೋ ಅವಸರದಲ್ಲಿ ಹೋಗುವ ಅರಳೆ ವ್ಯಾಪಾರಿಗಳು ಎಲ್ಲರೂ ಅದರಲ್ಲಿ ಕೂತಿದ್ದರು. ನಾನು ಕೂತದ್ದು ಮದುವೆಯ ದಿನ ಮಾತ್ರ. ಸಂಜೆ ಬಾಡಿಗೆ ಇಲ್ಲದಾಗ ಅವರು ಮನೆಯ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂರುವರು. ಆಗ ಓಣಿಯವರೆಲ್ಲ ಕೇಳುತ್ತಿದ್ದುದು ಒಂದೇ ಮಾತು, ಸಮುದ್ರಕ್ಕೆ ಹೋಗಲು ಯಾವ ದಾರಿ ಚೆಂದ ಎಂದು. ಹೋಗುವವರು ಒಬ್ಬರೂ ಇರಲಿಲ್ಲ, ಕೇಳುವವರು ಮಾತ್ರ ತಪ್ಪುತ್ತಿರಲಿಲ್ಲ.

ಅವರ ಉತ್ತರವೂ ಒಂದೇ. ಹುಕ್ಕೇರಿ, ಸಂಕೇಶ್ವರ ದಾಟಿ ಆಜರಾ ಹಿಡಿಯಬೇಕು, ಅಲ್ಲಿಂದ ಅಂಬೋಲಿ ಘಟ್ಟ ಇಳಿದು, ಸಾವಂತವಾಡಿಯ ಮೇಲೆ ವೆಂಗುರ್ಲಾ. ಆಜರಾ ಬಿಟ್ಟ ಮೇಲೆ ಗಾಳಿಯೇ ಬೇರೆ. ಘಟ್ಟದ ಮೇಲೆ ಮಂಜು ಎಷ್ಟಿರುತ್ತದೆ ಎಂದರೆ ಹಗಲಿನಲ್ಲೇ ದೀಪ ಹಚ್ಚಬೇಕು. ಇಳಿಯುತ್ತ ಇಳಿಯುತ್ತ ಒಂದು ತಿರುವಿನಲ್ಲಿ ಮಂಜು ಪಟ್ಟನೆ ಹರಿದು ಕೆಳಗೆ ಕೊಂಕಣವೆಲ್ಲ ಬಿಸಿಲಿನಲ್ಲಿ ಕಾಣುತ್ತದೆ. ಅಲ್ಲಿ ಗಾಡಿ ನಿಲ್ಲಿಸಲೇಬೇಕು. ಇದನ್ನು ಹೇಳುವಾಗ ಅವರ ದನಿ ಬಾಡಿಗೆ ಮೋಟಾರಿನವನ ದನಿಯಾಗಿರುತ್ತಿರಲಿಲ್ಲ. ಒಳಗೆ ರೊಟ್ಟಿ ಬಡಿಯುತ್ತ ನಾನು ಕೇಳಿಸಿಕೊಳ್ಳುತ್ತಿದ್ದೆ. ನನ್ನ ಜೊತೆ ಅಷ್ಟು ಮಾತು ಅವರು ಎಂದೂ ಆಡಿದವರಲ್ಲ.

ಯಾರ ಜೊತೆ ಹೋಗಿ ನೋಡಿ ಬಂದರು ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಕಾಣಲಿಲ್ಲ. ಹುಕ್ಕೇರಿ ಆ ದಾರಿಯಲ್ಲೇ ಇತ್ತು, ಹಿರಿಯಾಕೆಗೆ ಸಮುದ್ರವೆಂದರೆ ಜೀವ ಎಂದು ಪಕ್ಕದ ಮನೆಯವಳು ಮೊದಲೇ ನನ್ನ ಕಿವಿಗೆ ಹಾಕಿದ್ದಳು. ಇನ್ನೂ ಒಂದನ್ನು ನಾನೇ ಗಮನಿಸಿದ್ದೆ. ವೆಂಗುರ್ಲಾದ ಬಾಡಿಗೆ ಬಂದರೆ ಇವರು ತಾವು ಹೋಗದೆ ಬಸ್ ನಿಲ್ದಾಣದ ಹತ್ತಿರದ ಇನ್ನೊಬ್ಬನಿಗೆ ಬಿಟ್ಟುಕೊಡುತ್ತಿದ್ದರು. ಅವಳಿಲ್ಲದೆ ಆ ದಾರಿ ನೋಡಲು ಮನಸ್ಸಿಲ್ಲ ಎಂದು ನಾನು ಅರ್ಥ ಮಾಡಿಕೊಂಡೆ. ಒಲೆಯ ಮುಂದೆ ಕೂತವಳಿಗೆ ಹೊಟ್ಟೆಯೊಳಗೂ ಒಂದು ಒಲೆ ಹೊತ್ತಿಕೊಂಡಿತು. ಅಂದಿನಿಂದ ನನಗೆ ಬೇಕಾದದ್ದು ಸಮುದ್ರವಲ್ಲ. ಅವಳು ಕಾಲಿಡದ ಒಂದು ದಾರಿ, ನನ್ನದೇ ಅನ್ನುವಂಥದ್ದು ಒಂದು ಬೇಕಿತ್ತು.

ಗೋವಾದಿಂದ ಪೋರ್ತುಗೀಜರು ಹೋದ ಮರುವರ್ಷ, ದೀಪಾವಳಿ ಮುಗಿದು ಬಾಡಿಗೆ ಕಡಿಮೆಯಾದಾಗ, ಊಟಕ್ಕೆ ಕೂತವರು ತಾವಾಗಿಯೇ ಅಂದರು: “ನೀನೂ ಒಮ್ಮೆ ಸಮುದ್ರ ನೋಡೀಯಂತ, ನಡಿ.”

ಬೇರೆ ಹೆಂಗಸಾಗಿದ್ದರೆ ಸಂತೋಷದಿಂದ ಕುಣಿಯುತ್ತಿದ್ದಳು. ನಾನು ಆ ‘ನೂ’ದಲ್ಲಿ ಸಿಕ್ಕಿಕೊಂಡೆ. ನೀನು ಎನ್ನಬಹುದಿತ್ತು, ನೀನೂ ಎಂದರು. ಹಾಗಾದರೆ ಮೊದಲು ಯಾರೋ ನೋಡಿಯಾಗಿದೆ, ಈಗ ನನ್ನ ಪಾಳಿ. ಬಡಿಸುತ್ತಿದ್ದ ಸಾರು ಅವರ ತಾಟಿನ ಹೊರಗೆ ಬಿತ್ತು.

ಮರುದಿನ ಪಡಸಾಲೆಯಲ್ಲಿ ಕೂತು ದಾರಿ ಆರಿಸಿದೆವು. ನನಗೆ ಊರುಗಳ ನಕಾಶೆ ಗೊತ್ತಿರಲಿಲ್ಲ, ಅವರು ಹುರಿದ ಶೇಂಗಾ ಕಾಳುಗಳನ್ನು ನೆಲದ ಮೇಲೆ ಇಟ್ಟು ತೋರಿಸಿದರು. ಇದು ಗೋಕಾಕ. ಇಲ್ಲಿಂದ ನಿಪ್ಪಾಣಿ, ರಾಧಾನಗರಿ ಮೇಲೆ ಫೋಂಡಾ ಘಟ್ಟ ಇಳಿಯಬಹುದು, ಕಾಡು ಚಲೋ, ರಸ್ತೆ ಕೆಟ್ಟದ್ದು. ಇಲ್ಲಿ ಕೆಳಗೆ ಅಂಕಲಗಿ, ಬೆಳಗಾವಿ, ಧಾರವಾಡ, ಯಲ್ಲಾಪುರದ ಮೇಲೆ ಅರಬೈಲ್ ಘಟ್ಟ, ಆಮೇಲೆ ಅಂಕೋಲಾ, ಕಾರವಾರ. ದೂರ, ಆದರೆ ದಾರಿಯುದ್ದಕ್ಕೂ ನೆರಳು. ನಡುವೆ ಅಂಬೋಲಿಯ ಕಾಳನ್ನೂ ಇಟ್ಟರು, ಅದರ ಬಗ್ಗೆ ಮಾತ್ರ ಏನೂ ಹೇಳಲಿಲ್ಲ. ಓಣಿಗೆಲ್ಲ ಹೊಗಳುವ ದಾರಿ ನನ್ನ ಮುಂದೆ ಬಂದಾಗ ಬಾಯಿ ಕಟ್ಟಿತು. ನಾನು ಆ ಕಾಳನ್ನು ಎತ್ತಿ ಬಾಯಿಗೆ ಹಾಕಿಕೊಂಡೆ.

“ಅಂಬೋಲಿ ಬ್ಯಾಡ್ರಿ, ಕಾರವಾರಕ್ಕ ಹೋಗೂಣು,” ಎಂದೆ.

ಒಂದು ಮಾತು ಎದುರು ಆಡದೆ ಹೂಂ ಅಂದರು. ಗೆದ್ದೆ ಎಂದುಕೊಂಡೆ. ಅಷ್ಟು ಬೇಗ ಒಪ್ಪಿಕೊಂಡದ್ದು ಯಾಕೆ ಎಂದು ಯೋಚಿಸುವಷ್ಟು ತಾಳ್ಮೆ ನನಗೆ ಆ ವಯಸ್ಸಿನಲ್ಲಿ ಇರಲಿಲ್ಲ.

ಅತ್ತೆಯನ್ನು ಅವರ ತವರು ಕುಲಗೋಡಕ್ಕೆ ಬಿಟ್ಟು ಬಂದು, ಕಟಕ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡು ಹೊರಟೆವು. ಬಿಡುವಾಗ ಅತ್ತೆ ಹೇಳಿ ಕಳಿಸಿದ್ದು, “ಹೊಸಾದು ಏನ್ ಕಂಡ್ರೂ ಮೊದಲ ಅಕಿಗೆ ತೋರ್ಸವಾ.” ಎಂದರೆ ಘಟ್ಟವೂ ಅವಳಿಗೆ ಮೊದಲು, ಸಮುದ್ರವೂ ಅವಳಿಗೆ ಮೊದಲು. ಉಂಡು ಬಿಟ್ಟ ತಾಟಿನ ಹಾಗೆ ಮಿಕ್ಕದ್ದು ನನಗೆ. ಇದಕ್ಕಾಗಿ ನಾನು ಬೇರೆ ದಾರಿ ಆರಿಸಿದೆನೇ?

ಅಂಕಲಗಿ ದಾಟಿದೆವು. ಮುಂದಿನ ಸೀಟಿನಲ್ಲಿ, ಅವರ ಪಕ್ಕದಲ್ಲಿ, ಗಾಳಿಗೆ ಸೆರಗು ಹಾರುತ್ತಿತ್ತು. ರಸ್ತೆಯಲ್ಲಿ ಗುರುತಿನವರು ಕಂಡು ಕೈ ಎತ್ತಿದರೆ ನಾನೂ ಎತ್ತಿದೆ. ಬೆಳಗಾವಿಯಲ್ಲಿ ಚಹಾ ಕುಡಿದೆವು. ಕಿತ್ತೂರಿನ ಹತ್ತಿರ ಚಕ್ರ ಪಂಕ್ಚರ್ ಆಯಿತು, ಅವರು ಬೆವರು ಒರೆಸಿಕೊಳ್ಳುತ್ತ ಚಕ್ರ ಬದಲಿಸುವವರೆಗೆ ನಾನು ಹುಣಸೆ ಮರದ ಕೆಳಗೆ ಕೂತೆ. ಕಲಘಟಗಿ ಬಿಟ್ಟ ಮೇಲೆ ಎರಡೂ ಕಡೆ ಮರಗಳು ಒತ್ತೊತ್ತಾಗಿ ಬಂದವು. ನಮ್ಮ ಕಡೆ ಮರ ಎಂದರೆ ಎಣಿಸುವಷ್ಟು, ಇಲ್ಲಿ ಎಣಿಸಲು ಹೋದರೆ ಹುಚ್ಚು ಹಿಡಿಯುತ್ತಿತ್ತು. ಅಂದು ಯಲ್ಲಾಪುರದಲ್ಲಿ ಉಳಿದು, ಮರುದಿನ ಮುಂಜಾನೆ ಘಟ್ಟಕ್ಕೆ ಇಳಿದೆವು.

ಮೊದಲ ತಿರುವಿನಲ್ಲೇ ಟಾಕನ್ನು ಹಿಡಿದು ಸರದ ಗುಂಟ ಬೆನ್ನಿನ ಕಡೆ ಸರಿಸಿಬಿಟ್ಟೆ. ಸೀಟಿನ ರೆಕ್ಸಿನ್ ನೋಡಿಕೊಂಡು ಬರಲಿ ಮಹಾರಾಯಿತಿ ಎಂದುಕೊಂಡೆ. ಆ ಘಟ್ಟ ನನ್ನದಾಯಿತು. ಬಿದಿರು ರಸ್ತೆಯ ಮೇಲೆ ಬಾಗಿತ್ತು, ಬಂಡೆಯ ಸಂದಿಯಿಂದ ನೀರು ಸಣ್ಣಗೆ ಇಳಿಯುತ್ತಿತ್ತು, ಕೆಳಗೆ ಎಲ್ಲೋ ಹೊಳೆ ಕಂಡು ಮರೆಯಾಗುತ್ತಿತ್ತು. ಒಂದು ಕಡೆ ದೊಡ್ಡ ಕೆಂಜಳಿಲು ರಸ್ತೆಗೆ ಅಡ್ಡ ಹಾರಿತು. ಅವರು ಗಾಡಿ ನಿಲ್ಲಿಸಿ ನಕ್ಕರು, ನಾನೂ ನಕ್ಕೆ, ಘಟ್ಟವೆಲ್ಲ ಕೇಳುವ ಹಾಗೆ. ಅಷ್ಟೇ ನಾನು ಸುಖವಾಗಿದ್ದುದು. ಮುಂದಿನ ತಿರುವುಗಳಲ್ಲಿ ಹೊಟ್ಟೆ ತೊಳಸಿ ಬಂದು, ನಿಂಬೆಹಣ್ಣು ಮೂಸಿದರೂ ನಿಲ್ಲದೆ, ಬಾಗಿಲಿನ ಹೊರಗೆ ತಲೆ ಹಾಕಿ ಅಂಕೋಲಾವರೆಗೂ ಕಾರಿಕೊಂಡೆ. ನನ್ನ ದಾರಿಯ ಅರ್ಧವನ್ನು ನಾನು ನೋಡಿದ್ದು ಹಾಗೆ.

ಕಾರವಾರದಲ್ಲಿ ಗಾಡಿಯನ್ನು ಗಾಳಿ ಮರಗಳ ಕೆಳಗೆ ನಿಲ್ಲಿಸಿ ಉಸುಕಿನ ಮೇಲೆ ನಡೆದೆವು. ಸಮುದ್ರದ ಬಗ್ಗೆ ನಾನು ಏನೂ ಬರೆಯಲಾರೆ. ಅದು ಬಹಳ ಇತ್ತು. ಕಾಲಿಗೆ ನೀರು ತಾಗಿದಾಗ ಬಾಯಿ ತೊಳೆದುಕೊಳ್ಳೋಣ ಎಂದು ಬೊಗಸೆ ತುಂಬಿ ಬಾಯಿಗೆ ಹಾಕಿಕೊಂಡೆ, ಉಗುಳಿದೆ. ಅವರು ನಕ್ಕು, ಸೆರಗಿನ ಮೇಲಿನಿಂದ ನನ್ನ ಬೆನ್ನಿನ ಕಡೆ ನೋಡಿ, “ಟಾಕು ಹಿಂದ ಸರದೈತಿ,” ಎನ್ನುತ್ತ ಎರಡು ಬೆರಳಿನಿಂದ ಅದನ್ನು ಹಿಡಿದು ಮುಂದಕ್ಕೆ ತಂದು ತಾಳಿಯ ಪಕ್ಕ ಇಟ್ಟರು. ನನ್ನ ಮುಖ ಒರೆಸಿಕೋ ಎಂದೂ ಹೇಳದವರು ಅದನ್ನು ಎಷ್ಟು ಮೆತ್ತಗೆ ಹಿಡಿದಿದ್ದರು.

ನನಗೆ ತಡೆಯಲಾಗಲಿಲ್ಲ. “ಇರಲಿ ಬಿಡ್ರಿ. ಅಕಿಗೆ ಸಮುದ್ರ ಏನ್ ಹೊಸಾದ? ವೆಂಗುರ್ಲಾದಾಗ ನೀವ ತೋರ್ಸೀರಲ್ಲ.”

“ಎಲ್ಲಿ ತೋರ್ಸೇನಿ?” ಅಂದರು. “ಹುಕ್ಕೇರಿ ದಾಟಿ ಆ ಕಡೆ ಅಕಿ ಹೋಗೇ ಇಲ್ಲ. ನಾನೂ ಹೋಗಿಲ್ಲ.”

ಆಮೇಲೆ ಉಸುಕಿನಲ್ಲಿ ಕೂತು ಹೇಳಿದರು. ಮೋಟಾರು ಕೊಂಡ ವರ್ಷವೇ ಅವಳು ಹಾಸಿಗೆ ಹಿಡಿದಳಂತೆ. ಸಂಜೆ ಬಾಡಿಗೆ ಮುಗಿಸಿ ಬಂದರೆ ಮಂಚದ ಪಕ್ಕದಲ್ಲಿ ಕೂರಬೇಕು, ಸಮುದ್ರಕ್ಕೆ ಯಾವ ದಾರಿಯಲ್ಲಿ ಹೋಗೋಣ ಎಂದು ಅವಳು ಕೇಳಬೇಕು. ಇವರು ಹುಕ್ಕೇರಿಯ ನಿಲ್ದಾಣದಲ್ಲಿ ಲಾರಿಯವರನ್ನು ಹಿಡಿದು ಕೇಳಿಕೊಂಡು ಬಂದು, ಒಂದು ದಿನ ಒಂದು ತಿರುವು, ಇನ್ನೊಂದು ದಿನ ಒಂದು ಹಳ್ಳ ಎಂದು ಹೇಳುತ್ತಿದ್ದರಂತೆ. ಎಲ್ಲ ದಾರಿಗಳನ್ನೂ ಕೇಳಿ ಅವಳು ಅಂಬೋಲಿಯನ್ನು ಆರಿಸಿದಳಂತೆ, ಮಂಜು ಹರಿದು ಬಿಸಿಲು ಬರುವ ಆ ಒಂದು ತಿರುವಿಗಾಗಿ. ನೆಟ್ಟಗಾದ ಮೇಲೆ ಹೋಗೋಣ ಅಂದುಕೊಂಡಿದ್ದರು. ನೆಟ್ಟಗಾಗಲಿಲ್ಲ.

ಇಷ್ಟು ಕೇಳಿದ ಮೇಲೆ ಅಯ್ಯೋ ಪಾಪ ಅನಿಸಬೇಕು. ಅನಿಸಿತು, ಇಲ್ಲ ಎನ್ನುವುದಿಲ್ಲ. ಆದರೆ ಅದು ಬಂದು ಹೋಗುವ ಅತಿಥಿಯ ಹಾಗೆ ಬಂದು ಹೋಯಿತು, ಹೊಟ್ಟೆಕಿಚ್ಚು ಮನೆಯ ಮಗಳ ಹಾಗೆ ಅಲ್ಲೇ ಕೂತಿತು. ಅವಳು ಹೋಗಿ ಬಂದಿದ್ದರೆ ಅವಳ ಪ್ರವಾಸದಲ್ಲೂ ಒಂದು ಪಂಕ್ಚರ್ ಇರುತ್ತಿತ್ತು. ಅವಳೂ ಕಾರಿಕೊಳ್ಳುತ್ತಿದ್ದಳು, ಉಪ್ಪು ನೀರು ಉಗುಳುತ್ತಿದ್ದಳು, ಇವರು ಕೈಯ ಕೊಳೆ ಒರೆಸಿಕೊಳ್ಳುತ್ತ ಸಿಡಿಮಿಡಿ ಎನ್ನುತ್ತಿದ್ದರು. ಈಗ ಅವಳ ದಾರಿಯಲ್ಲಿ ಮಂಜು ಮತ್ತು ಬಿಸಿಲು ಬಿಟ್ಟರೆ ಬೇರೆ ಏನೂ ಇಲ್ಲ. ಹೋಗಿ ಬಂದವಳ ಜೊತೆ ಸೆಣಸಬಹುದು, ಹೋಗದೆ ಉಳಿದವಳ ಜೊತೆ ಹೇಗೆ ಸೆಣಸುವುದು? ನಾನು ಆರಿಸಿದೆ ಅಂದುಕೊಂಡಿದ್ದ ಕಾರವಾರ ಅವಳು ಬೇಡ ಎಂದು ಬಿಟ್ಟ ದಾರಿ. ನಾನು ಕಾಳು ಬಾಯಿಗೆ ಹಾಕಿಕೊಂಡಾಗ ಇವರು ಯಾಕೆ ಅಷ್ಟು ಬೇಗ ಹೂಂ ಅಂದರು ಎಂಬುದೂ ಈಗ ತಿಳಿಯಿತು.

ಬೆಳಿಗ್ಗೆ ಚಹಾದಂಗಡಿಯಲ್ಲಿ ಒಬ್ಬ ಡ್ರೈವರ್, ಈಗ ಗೋವಾದ ಮೇಲಿಂದಲೇ ಸಾವಂತವಾಡಿಗೆ ಹೋಗಬಹುದು ಎಂದು ಹೇಳುತ್ತಿದ್ದ. ಅದು ನನ್ನ ತಲೆಯಲ್ಲಿತ್ತು. ದನಿ ಆದಷ್ಟು ಸಾದಾ ಇಟ್ಟುಕೊಂಡು ಕೇಳಿದೆ: “ಹೊಳ್ಳಿ ಹೋಗುವಾಗ ಅಂಬೋಲಿ ಹತ್ತಿ ಹೋಗೂಣೇನ್ರಿ? ನೀವೂ ನೋಡಿದಂಗ ಆಕ್ಕೈತಿ.”

ಅವರು ಎದ್ದು ಧೋತರದ ಉಸುಕು ಕೊಡವಿಕೊಂಡರು. ಹತ್ತಿರದಲ್ಲಿ ಮೀನುಗಾರರು ಬಲೆ ಎಳೆಯುತ್ತಿದ್ದರು.

“ಬ್ಯಾರೆ ಯಾವ ದಾರಿ ಬೇಕಾದ್ರೂ ಹೇಳು, ಹೋಗೂಣು. ಅದೊಂದು ಬ್ಯಾಡ.”

ಸಿಟ್ಟಿನಿಂದ ಅಂದಿದ್ದರೆ ನಾನೂ ಸಿಟ್ಟು ಮಾಡುತ್ತಿದ್ದೆ. ಬೇಡಿಕೊಂಡ ಹಾಗೆ ಅಂದರು. ಬಂದ ದಾರಿಯಲ್ಲೇ ತಿರುಗಿ ಬಂದೆವು. ಘಟ್ಟ ಹತ್ತುವಾಗ ನನಗೆ ವಾಂತಿಯಾಗಲಿಲ್ಲ, ಎಲ್ಲವನ್ನೂ ನೋಡಿದೆ, ಒಂದೂ ನೆನಪಿಲ್ಲ.

ಮುಂದೆ ಅವರು ಮಾತಿಗೆ ತಪ್ಪಲಿಲ್ಲ. ಕೇಳಿದ ದಾರಿಯಲ್ಲೆಲ್ಲ ಕರೆದೊಯ್ದರು, ಫೋಂಡಾ ಘಟ್ಟ ಇಳಿಸಿ ತಂದರು, ನನ್ನ ಮುಂದೆ ಮಾತೂ ಹೆಚ್ಚಾಯಿತು. ಕಟ್ಟೆಯ ಮೇಲೆ ಅಂಬೋಲಿಯ ವರ್ಣನೆ ಮಾತ್ರ ನಿಂತುಹೋಯಿತು. ಅದನ್ನು ಕೇಳುವ ಹಕ್ಕೂ ಹೋಯಿತಲ್ಲ ಎಂದು ರೊಟ್ಟಿ ಬಡಿಯುತ್ತ ನನಗೆ ಅನಿಸುತ್ತಿತ್ತು.

ಆದರೆ ಕಾರವಾರದಿಂದ ಬಂದ ಮರುದಿನದ ಮಾತು ಹೇಳಬೇಕು. ನಲ್ಲಿಯ ಹತ್ತಿರ ಓಣಿಯ ಹೆಂಗಸರು ಕೊಡ ಇಟ್ಟುಕೊಂಡು ನನ್ನನ್ನೇ ಕಾಯುತ್ತಿದ್ದರು. ಹೆಂಡತಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಸಮುದ್ರ ತೋರಿಸಿದ ಗಂಡಸು ಆ ಓಣಿಯಲ್ಲಿ ಇವರೊಬ್ಬರೇ. ಪಕ್ಕದ ಮನೆಯವಳ ಮುಖ ಕಪ್ಪಿಟ್ಟಿತ್ತು. ತನ್ನ ಗಂಡ ಹಾರೂಗೇರಿಯ ಸಂತೆಗೂ ಕರೆದೊಯ್ದವನಲ್ಲ ಎಂದು ಹೇಳಿಕೊಂಡು, ಕೊನೆಗೆ ಕೇಳಿದಳು, ದಾರಿ ಯಾರು ಆರಿಸಿದ್ದು ಎಂದು.

“ನಾನರಿ,” ಎಂದೆ. “ಅವರು ನನಗ ಬಿಟ್ಟಿದ್ರು.”

ಅವಳ ಕಣ್ಣಿನಲ್ಲಿ ಉರಿಯುತ್ತಿದ್ದದ್ದು ಏನು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಕೊಡ ತುಂಬಿಕೊಂಡು ಮನೆಗೆ ಬಂದೆ.