ಏಟಿಗೂ ಮುಂಚೆ

ಆ ಜಪಾನಿ ನಟನನ್ನು ನನಗೆ ಪರಿಚಯಿಸಿದ್ದು ನನ್ನ ಅಣ್ಣನೇ. ಲೀಡ್ಸ್‌ನಲ್ಲಿ ಎಂ.ಎಸ್ಸಿ. ಮುಗಿಸಿ, ಅಲ್ಲಿನ ಹೆಡಿಂಗ್ಲೀಯ ಬಾಡಿಗೆ ಕೋಣೆ ಖಾಲಿ ಮಾಡಿ, ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡ್‌ನಲ್ಲಿದ್ದ ಅವನ ಫ್ಲಾಟಿಗೆ ನಾನು ಬಂದ ಹೊಸತು. ಅವನು ಸಾಫ್ಟ್‌ವೇರ್ ಇಂಜಿನಿಯರ್. ನನಗೂ ಅಲ್ಲೇ ಹತ್ತಿರದ ಆಫೀಸಿನಲ್ಲಿ ಕೆಲಸ ಸಿಕ್ಕಿತ್ತು. ಶನಿವಾರ ಮಧ್ಯಾಹ್ನ ಅನ್ನ ಸಾರು ಉಂಡು, ಸೋಫಾದ ಎರಡು ತುದಿಯಲ್ಲಿ ಕಾಲು ಚಾಚಿ ಕೂತು, ಜಪಾನಿನ ಗೂಂಡಾಗಳು ಒಬ್ಬರ ಮೂಳೆ ಒಬ್ಬರು ಮುರಿಯುವುದನ್ನು ನೋಡುತ್ತಿದ್ದೆವು. ಮೈಸೂರಿನಲ್ಲಿದ್ದ ಅಮ್ಮನಿಗೆ ಫೋನಿನಲ್ಲಿ ‘ಸಿನಿಮಾ ನೋಡ್ತಿದೀವಿ’ ಎಂದರೆ ಸಾಕು, ಅಣ್ಣ ತಂಗಿ ಎಷ್ಟು ಅನ್ಯೋನ್ಯವಾಗಿದ್ದಾರೆ ಎಂದು ಸಂತೋಷಪಡುತ್ತಿದ್ದಳು.

ಆ ನಟ ನೋಡಲು ಏನೂ ಅಲ್ಲ. ಕುಳ್ಳ, ಸ್ವಲ್ಪ ಹೊಟ್ಟೆ, ನಿದ್ದೆಗಣ್ಣು. ಬ್ಯಾಂಕಿನ ಕ್ಯೂನಲ್ಲಿ ನಮ್ಮ ಮುಂದೆ ನಿಂತಿದ್ದರೂ ಮುಖ ನೆನಪಿನಲ್ಲಿ ಉಳಿಯುವಂಥದ್ದಲ್ಲ. ನಮ್ಮ ಸಿನಿಮಾದ ಖಳನಾಯಕ ಕಣ್ಣು ಕೆಂಪಗೆ ಮಾಡಿ, ಹಲ್ಲು ಕಡಿದು, ಊರಿಗೆಲ್ಲ ಕೇಳುವಂತೆ ಕೂಗಿದ ಮೇಲೆಯೇ ಕೈ ಎತ್ತುತ್ತಾನೆ. ಇವನು ಕೂಗುವುದೇ ಇಲ್ಲ. ಒಂದು ಚಿತ್ರದಲ್ಲಿ ಬಾಡಿಗೆ ಕೊಲೆಗಾರ. ಕುರ್ಚಿಗೆ ಕಟ್ಟಿಹಾಕಿದವನ ಪಕ್ಕದಲ್ಲೇ ಕೂತು ನೂಡಲ್ಸ್ ತಿನ್ನುತ್ತಾನೆ. ಬಟ್ಟಲಿನ ತಳದಲ್ಲಿದ್ದ ರಸವನ್ನೂ ಕುಡಿದು, ಬಾಯಿ ಒರೆಸಿಕೊಂಡು, ಆಮೇಲೆ ಅದೇ ಬಟ್ಟಲಿನಿಂದ ಅವನ ಹಲ್ಲು ಉದುರಿಸುತ್ತಾನೆ. ಇನ್ನೊಂದರಲ್ಲಿ ಮೀನು ಮಾರುಕಟ್ಟೆಯ ಕೂಲಿ. ಮೋಸ ಮಾಡಿದ ಗೆಳೆಯನ ಬೆರಳುಗಳನ್ನು ಐಸ್ ಒಡೆಯುವ ಸುತ್ತಿಗೆಯಿಂದ ಜಜ್ಜುವಾಗ ಅವನ ಮುಖದಲ್ಲಿ ಇರುವುದು ಸಿಟ್ಟಲ್ಲ, ಬರೀ ಬೇಸರ.

ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ಅವನ ಒಂದು ಸಂಸಾರದ ಚಿತ್ರ. ಹೆಂಡತಿ ತೀರಿಕೊಂಡ ಬಸ್ ಡ್ರೈವರ್, ಕಾಲೇಜಿಗೆ ಹೋಗುವ ಮಗಳು, ಇಷ್ಟೇ ಕಥೆ. ಇಡೀ ಚಿತ್ರದಲ್ಲಿ ಯಾರಿಗೂ ಒಂದು ಏಟು ಬೀಳುವುದಿಲ್ಲ. ಆದರೆ ಊಟದ ಮಧ್ಯೆ ಅವನು ಚಾಪ್‌ಸ್ಟಿಕ್ ಕೆಳಗಿಟ್ಟಾಗಲೆಲ್ಲ ಮಗಳ ಭುಜ ಬಿಗಿಯುತ್ತದೆ. ಸೋಫಾದ ಈ ತುದಿಯಲ್ಲಿ ನನ್ನದೂ ಬಿಗಿಯುತ್ತಿತ್ತು. ಅಣ್ಣನಿಗೆ ಆ ಚಿತ್ರ ಬೋರ್ ಹೊಡೆದು ಅರ್ಧಕ್ಕೇ ಎದ್ದು ಹೋದ.

ಅಣ್ಣ ನನಗೆ ಹೊಡೆಯುತ್ತಿದ್ದ. ಕೆನ್ನೆಗೆ, ಬೆನ್ನಿಗೆ, ಕೈಗೆ ಸಿಕ್ಕಿದ ಕಡೆ. ಒಮ್ಮೆ ಜಡೆ ಹಿಡಿದು ನನ್ನ ತಲೆಯನ್ನು ಅಡುಗೆಮನೆಯ ಕಪಾಟಿಗೆ ಬಡಿದಿದ್ದ. ತಡವಾಗಿ ಬಂದೆ, ಕೇಳದೆ ಎಲ್ಲಿಗೋ ಹೋದೆ, ಎದುರು ಮಾತಾಡಿದೆ, ಕಾರಣಕ್ಕೇನೂ ಬರಗಾಲವಿರಲಿಲ್ಲ. ನನ್ನ ನಾಲಿಗೆ ಉದ್ದ, ನಿಜ. ಅದಕ್ಕೆ ಬಾಯಲ್ಲಿ ರಕ್ತ ಬರಿಸಬೇಕೇ? ಹಾಗೆಂದು ನಾನು ಮೊದಲು ಬಂದಿಳಿದ ದಿನ ಏರ್‌ಪೋರ್ಟಿಗೆ ಹೊಸ ಕೋಟು ಹಿಡಿದು ಬಂದವನೂ ಅವನೇ. ಜ್ವರ ಬಂದಾಗ ಗಂಜಿ ಕಾಯಿಸಿ, ಉಪ್ಪಿನಕಾಯಿ ನೆಂಚಿಸಿ ಕುಡಿಸಿದವನೂ ಅವನೇ. ಅಮ್ಮನ ಹತ್ತಿರ ಹೇಳಿಕೊಂಡರೆ ಉತ್ತರ ಸಿದ್ಧವಿರುತ್ತಿತ್ತು.

‘ಸಿಟ್ಟು ಬಂದ್ರೆ ಅವ್ನಿಗೆ ಮೈಮೇಲೆ ಪ್ರಜ್ಞೆ ಇರಲ್ಲ ಕಣೇ. ಆ ಹೊತ್ನಲ್ಲಿ ನೀನೇ ಸುಮ್ನಿದ್ಬಿಡು.’

ನಾನೂ ಅದನ್ನೇ ನಂಬಿದ್ದೆ. ಅಣ್ಣ ಬೇರೆ, ಅವನ ಸಿಟ್ಟು ಬೇರೆ. ಅದು ಬರುತ್ತದೆ, ಹೊಡೆಯುತ್ತದೆ, ಹೋಗುತ್ತದೆ. ಆಮೇಲೆ ಮನೆಯಲ್ಲಿ ಉಳಿಯುವವನು ನನ್ನ ಅಣ್ಣ. ಈ ಒಂದು ನಂಬಿಕೆಯ ಮೇಲೆ ನಾನು ಆ ಮನೆಯಲ್ಲಿದ್ದೆ.

ಒಂದು ಸಲ ಮ್ಯಾಂಚೆಸ್ಟರ್‌ನ ಪುಟ್ಟ ಥಿಯೇಟರಿನಲ್ಲಿ ಆ ನಟನ ಹಳೆಯ ಕ್ರೈಮ್ ಚಿತ್ರ ಹಾಕಿದ್ದರು. ಇಬ್ಬರೂ ಹೋದೆವು. ಗ್ಯಾಂಗಿನ ಗುಟ್ಟು ಬಿಟ್ಟುಕೊಟ್ಟ ಮುದುಕನೊಬ್ಬನನ್ನು ಕೊಲ್ಲಲು ಅವನು ಬರುತ್ತಾನೆ. ಬೀಗ ಮುರಿದು ಬಾಗಿಲು ತೆರೆಯುತ್ತಾನೆ, ಹೊಸ್ತಿಲಲ್ಲಿ ನಿಂತು ಶೂ ಬಿಚ್ಚುತ್ತಾನೆ, ಬಗ್ಗಿ ಅವನ್ನು ತುದಿ ಬಾಗಿಲ ಕಡೆಗೆ ಬರುವಂತೆ ತಿರುಗಿಸಿ ಜೋಡಿಸಿಟ್ಟು ಒಳಗೆ ನಡೆಯುತ್ತಾನೆ. ಥಿಯೇಟರಿನ ಇಂಗ್ಲಿಷರೆಲ್ಲ ಗೊಳ್ಳೆಂದು ನಕ್ಕರು. ಅಣ್ಣನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

‘ಯಾಕೆ ನಗ್ತಿದಾರೆ ಇವ್ರು? ಮನೆಯೊಳಗೆ ಶೂ ಹಾಕ್ಕೊಂಡ್ ಹೋಗಕ್ಕಾಗತ್ತಾ?’

ನಾನೂ ನಕ್ಕಿರಲಿಲ್ಲ. ಕೊಲ್ಲುವುದಕ್ಕೇ ಬಂದಿರಲಿ, ಚಪ್ಪಲಿ ಹೊರಗೆ ಬಿಡಬೇಕು ಎಂದು ನಮ್ಮಿಬ್ಬರಿಗೂ ರಕ್ತದಲ್ಲೇ ಬಂದಿತ್ತು. ಅಷ್ಟರಲ್ಲಿ ಪರದೆಯ ಮೇಲೆ ಅವನು ಟೆಲಿಫೋನ್ ವೈರನ್ನು ಮುದುಕನ ಕುತ್ತಿಗೆಗೆ ಸುತ್ತಿ ಎಳೆಯುತ್ತಿದ್ದ. ಮುದುಕನ ಹಿಮ್ಮಡಿಗಳು ಚಾಪೆಯನ್ನು ಪರಚುತ್ತಿದ್ದವು. ನನ್ನ ಮನಸ್ಸು ಮಾತ್ರ ಹೊಸ್ತಿಲಿನ ಶೂಗಳಲ್ಲೇ ಇತ್ತು. ಅವನ್ನು ಜೋಡಿಸಿಡುವಷ್ಟು ಪುರುಸೊತ್ತಿದ್ದವನಿಗೆ ವಾಪಸ್ ಹೋಗುವಷ್ಟೂ ಪುರುಸೊತ್ತಿತ್ತು.

ಅದಾಗಿ ಸ್ವಲ್ಪ ದಿನಕ್ಕೆ ಡಿಡ್ಸ್‌ಬರಿಯಲ್ಲಿ ಒಬ್ಬ ಕನ್ನಡದ ಡಾಕ್ಟರ ಮನೆಯಲ್ಲಿ ಭಾನುವಾರದ ಊಟ. ಹೋದ ಮೇಲೆ ಗೊತ್ತಾಯಿತು, ಅದು ಅವರ ಮಗನಿಗೆ ನನ್ನನ್ನು ತೋರಿಸುವ ಏರ್ಪಾಡು ಎಂದು. ಅಣ್ಣ ಒಂದು ಮಾತೂ ಹೇಳಿರಲಿಲ್ಲ. ಡಾಕ್ಟರ ಹೆಂಡತಿ ಎಲ್ಲರೆದುರು ‘ಏನಮ್ಮಾ, ನಮ್ಮ ಮನೆ ಹಿಡಿಸ್ತಾ?’ ಎಂದು ಕೇಳಿದರು.

‘ಪಾಯಸ ತುಂಬಾ ಚೆನ್ನಾಗಿದೆ ಆಂಟಿ. ಮದುವೆಗೆ ಮಾತ್ರ ನಾನು ಒಪ್ಪಲ್ಲ,’ ಎಂದುಬಿಟ್ಟೆ.

ಅಣ್ಣ ನಗುತ್ತಲೇ ಕ್ಷಮೆ ಕೇಳಿ ಹೊರಡಿಸಿದ. ಟ್ರಾಮಿನಲ್ಲಿ ಒಬ್ಬ ಮುದುಕಿಗೆ ಸೀಟು ಬಿಟ್ಟುಕೊಟ್ಟ. ಲಿಫ್ಟಿನಲ್ಲಿ ಪಕ್ಕದ ಮನೆಯವನ ಜೊತೆ ಫುಟ್‌ಬಾಲ್ ಮಾತಾಡಿದ. ಮನೆಯೊಳಗೆ ಬಂದವನು ಶೂ ಬಿಚ್ಚಿ ರ‍್ಯಾಕಿನಲ್ಲಿಟ್ಟ. ಕೋಟನ್ನು ಹ್ಯಾಂಗರಿಗೆ ಹಾಕಿದ. ಹೊರಗೆ ಬಿಸಿಲಿತ್ತು, ಈ ಊರಲ್ಲಿ ಬಿಸಿಲು ಬಂದರೆ ಯಾರೂ ಕಿಟಕಿ ಮುಚ್ಚುವುದಿಲ್ಲ. ಅವನು ಮುಚ್ಚಿದ. ಟಿವಿ ಹಾಕಿ ಸೌಂಡ್ ಜಾಸ್ತಿ ಮಾಡಿದ. ವಾಚು ಬಿಚ್ಚಿ ಮೇಜಿನ ಮೇಲಿಟ್ಟ. ನಾನು ಓಡಬೇಕಿತ್ತು, ಆದರೆ ನಿಂತು ನೋಡುತ್ತಿದ್ದೆ.

ಮೊದಲ ಏಟು ಕಿವಿಯ ಮೇಲೆ ಬಿತ್ತು. ಬಿದ್ದಾಗ ಮೇಜಿನ ಅಂಚು ತಾಗಿ ತುಟಿ ಒಡೆಯಿತು. ‘ನನ್ನ ಮಾನ ಕಳೆದ್ಯಲ್ಲೇ!’ ಎಂದು ಪಕ್ಕೆಗೆ ಒದ್ದ. ರಕ್ತ ಉಗುಳಿಕೊಂಡು ಎದ್ದು ಕೂತೆ.

‘ಅಣ್ಣಾ, ನೀನು ಕಿಟಕಿ ಹಾಕಿದೆ,’ ಎಂದೆ.

‘ಏನು?’

‘ಸಿಟ್ಟು ಬಂದ್ರೆ ನಿಂಗೆ ಪ್ರಜ್ಞೆ ಇರಲ್ಲ ಅಂತಾಳೆ ಅಮ್ಮ. ನೀನು ಕಿಟಕಿ ಹಾಕಿದೆ, ಟಿವಿ ಜೋರು ಮಾಡಿದೆ, ವಾಚು ಒಡೀಬಾರ್ದು ಅಂತ ಬಿಚ್ಚಿಟ್ಟೆ. ಆಮೇಲೆ ಹೊಡೆದೆ.’

ಅವನು ಕಿಟಕಿಯ ಕಡೆ ನೋಡಿದ. ಒಂದು ಗಳಿಗೆ, ಸಿಕ್ಕಿಬಿದ್ದವನ ಮುಖ. ಆಮೇಲೆ ನನ್ನ ಕೈ ಹಿಡಿದು ಹಿಂದಕ್ಕೆ ತಿರುಚಿದ. ಮಣಿಕಟ್ಟಿನಲ್ಲಿ ಏನೋ ಲಟಕ್ಕೆಂದಿತು. ನಾನು ಕಿರುಚಿದ್ದು ಟಿವಿಯ ಸದ್ದನ್ನೂ ಮೀರಿರಬೇಕು, ಕೈ ಬಿಟ್ಟು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದ. ನಾನು ಫೋನು ತೆಗೆದುಕೊಂಡು ಹೊರಗೆ ಬಂದೆ.

ಟ್ರಾಮ್ ಸ್ಟಾಪಿನ ಬೆಂಚಿನಲ್ಲಿ ಕೂತು ಅಮ್ಮನಿಗೆ ಫೋನ್ ಮಾಡಿದೆ. ಆಸ್ಪತ್ರೆಗೆ ಹೋಗಬೇಕು, ಪೊಲೀಸರಿಗೆ ಹೇಳಬೇಕು, ಎಲ್ಲ ಗೊತ್ತಿತ್ತು. ಆದರೆ ಅಮ್ಮ ಒಂದು ಸಲ ‘ಮನೆಗೆ ಹೋಗಮ್ಮ’ ಎಂದರೆ ನಾನು ಹೋಗಿಬಿಡುತ್ತೇನೆ ಎಂಬುದೂ ಗೊತ್ತಿತ್ತು. ಅಮ್ಮ ಎಂದಿನಂತೆ ಶುರುಮಾಡಿದಳು, ‘ಅವ್ನಿಗೆ ಆ ಹೊತ್ನಲ್ಲಿ...’ ಎಂದು. ನಾನು ಮಧ್ಯದಲ್ಲೇ ತಡೆದು ಒಂದೊಂದಾಗಿ ಹೇಳಿದೆ. ಶೂ, ಕೋಟು, ಕಿಟಕಿ, ಟಿವಿ, ವಾಚು. ಎಲ್ಲ ಆದಮೇಲೆ ಏಟು.

ಆ ಕಡೆ ಕುಕ್ಕರ್ ಕೂಗಿತು. ಅಮ್ಮ ಒಲೆ ಆರಿಸಲಿಲ್ಲ, ಅದು ಮತ್ತೆ ಕೂಗಿತು.

‘ನಿಮ್ಮಪ್ಪ ರೇಡಿಯೋ ಹಾಕೋರು,’ ಎಂದಳು. ‘ಮೊದಲು ರೇಡಿಯೋ.’

ನಾನು ಫೋನನ್ನು ಏಟು ಬೀಳದ ಕಿವಿಗೆ ಒತ್ತಿಕೊಂಡೆ.

‘ಅವರಿಗೆ ಪ್ರಜ್ಞೆ ಇರಲ್ಲ ಅಂತ ಅವರ್ಯಾವತ್ತೂ ಹೇಳಿರ್ಲಿಲ್ಲ ಕಣೇ. ನಾನೇ ನಂಗೆ ಹೇಳ್ಕೊಂಡಿದ್ದು,’ ಎಂದು ಅಳತೊಡಗಿದಳು. ‘ಆ ಮನೆಗೆ ವಾಪಸ್ ಹೋಗ್ಬೇಡ.’