ಮೂರನೇ ಕ್ಲಾಸಿನಲ್ಲಿ ಕಥೆ ಓದಿದ ಲೆಕ್ಕದ ಸಾಹೇಬ

ಆದಿನಾರಾಯಣನಿಗೆ ರೈಲ್ವೆ ಕಂಪನಿ ಎರಡನೇ ಕ್ಲಾಸಿನ ಪಾಸು ಕೊಟ್ಟಿತ್ತು. ಅವನು ಕೂರುತ್ತಿದ್ದುದು ಮಾತ್ರ ಮೂರನೇ ಕ್ಲಾಸಿನಲ್ಲಿ, ಹುಣಸೆ ಬುಟ್ಟಿ, ಕಂಬಳಿ ವಾಸನೆ, ಬೀಡಿ ಹೊಗೆಯ ನಡುವೆ. ಖಾದಿ ಉಟ್ಟ ನಾವು ಅದನ್ನು ನಮ್ಮ ಚಳವಳಿಯ ಗೆಲುವು ಅಂದುಕೊಂಡೆವು. ಬರೀ ಭ್ರಮೆ. ಅವನಿಗೆ ಬೇಕಾಗಿದ್ದುದು ಸ್ವರಾಜ್ಯವಲ್ಲ, ಕಥೆ ಕೇಳುವ ಕಿವಿ.

ಅವನು ಮಡಕಶಿರ ತಾಲ್ಲೂಕಿನ ರತ್ನಗಿರಿಯವನು. ಅಪ್ಪ ಚಿಕ್ಕತಿಮ್ಮಯ್ಯ ರಾಗಿ, ಕಡಲೆಕಾಯಿ ಬೆಳೆಯುತ್ತಿದ್ದ ರೈತ. ಮಗ ಓದಿ, ರೈಲ್ವೆಯಲ್ಲಿ ಗುಮಾಸ್ತನಾಗಿ ಸೇರಿ, ಸಾವಿರದ ಒಂಬೈನೂರ ಮೂವತ್ತು ದಾಟುವ ಹೊತ್ತಿಗೆ ಸ್ಟೇಷನ್ನುಗಳ ಲೆಕ್ಕ ತನಿಖೆ ಮಾಡುವ ಸಾಹೇಬನಾಗಿ ರಾಯದುರ್ಗದಲ್ಲಿ ಮನೆ ಮಾಡಿದ. ಅವನು ಬರುತ್ತಾನೆಂದರೆ ಸ್ಟೇಷನ್ ಮಾಸ್ತರರು ಟೋಪಿ ಸರಿಮಾಡಿಕೊಳ್ಳುತ್ತಿದ್ದರು. ಗಾಡಿ ಚೂರು ತಡವಾದರೂ ಅವನ ಮುಖ ಹುಳಿಹುಳಿ.

ಅವನು ಬರೆದ ಐದು ಪುಸ್ತಕಗಳಲ್ಲಿ ಮೊದಲ ಎರಡನ್ನು ಈಗ ಯಾರೂ ಓದುವುದಿಲ್ಲ, ಓದಬೇಕಾಗಿಯೂ ಇಲ್ಲ. ಬರೀ ರಾಣಿ, ಹಂಸ, ತಾವರೆ ಕೊಳ. ಸ್ಟೇಷನ್ ಮಾಸ್ತರರು ಮಾತ್ರ ಒಬ್ಬರ ಮೇಲೊಬ್ಬರು ಬಿದ್ದು ಹೊಗಳಿದರು.

"ಇವರ ಲೆಕ್ಕ ನೋಡೋನೇ ನಾನು ಕಣಯ್ಯ. ಹೊಗಳ್ದೆ ಇನ್ನೇನ್ ಮಾಡ್ತಾರೆ?" ಎಂದು ನನ್ನೆದುರಿಗೇ ನಕ್ಕಿದ್ದ.

ಹಾಗಾಗಿ ಮೂರನೇ ಪುಸ್ತಕಕ್ಕೆ ತನ್ನ ಹೆದರಿಕೆಯಿಲ್ಲದ ಜನರನ್ನು ಹುಡುಕಿದ. ಬಳ್ಳಾರಿಯಿಂದ ರಾಯದುರ್ಗಕ್ಕೆ ಬರುವ ಸಂಜೆ ಗಾಡಿಯಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದುವುದು. ಇಳಿಯುವ ಊರು ಬಂದರೂ ಯಾರಾದರೂ ಬಾಯಿ ತೆರೆದುಕೊಂಡು ಕೂತೇ ಇದ್ದರೆ ಆ ಅಧ್ಯಾಯ ಪಾಸು. ಚಳವಳಿಯ ಕೇಸಿನ ವಾಯಿದೆಗೆಂದು ಬಳ್ಳಾರಿ ಕೋರ್ಟಿಗೆ ಅಲೆಯುತ್ತಿದ್ದ ನಾನು ಈ ಪರೀಕ್ಷೆಯನ್ನು ಎಷ್ಟೋ ಸಲ ಕಂಡಿದ್ದೇನೆ. ಊರು ದಾಟಿ ಹೋದವರ ಹೆಚ್ಚಿನ ಟಿಕೆಟ್ಟನ್ನು ಸಾಹೇಬನೇ ತನ್ನ ದುಡ್ಡಿನಲ್ಲಿ ನಗುನಗುತ್ತ ತೆಗೆಸಿಕೊಡುತ್ತಿದ್ದ.

ತಿಪ್ಪಕ್ಕ ಒಬ್ಬಳು ಜಗ್ಗಲಿಲ್ಲ. ಬಳ್ಳಾರಿಯಲ್ಲಿ ಹುಣಸೆಹಣ್ಣು ಮಾರಿ ಓಬಳಾಪುರದಲ್ಲಿ ಇಳಿಯುವವಳು. ಈ ಪುಸ್ತಕದಲ್ಲೂ ಇದ್ದ ರಾಣಿ ವಿಷ ಕುಡಿಯುತ್ತಿರಲಿ, ಕೊಳಕ್ಕೆ ಹಾರುತ್ತಿರಲಿ, ಓಬಳಾಪುರ ಬಂತೆಂದರೆ ಬುಟ್ಟಿ ಎತ್ತಿಕೊಂಡು ಇಳಿದೇಬಿಡುವಳು. ತಿರುಗಿಯೂ ನೋಡುತ್ತಿರಲಿಲ್ಲ. ಡಬ್ಬಿಯೆಲ್ಲ ಆಹಾ ಅಂದರೂ ಆದಿನಾರಾಯಣನ ಕಣ್ಣು ಅವಳ ಬೆನ್ನಿನ ಮೇಲೇ. ಮನೆಗೆ ಹೋಗಿ ಮತ್ತೆ ತಿದ್ದುತ್ತಿದ್ದ. ಇವಳನ್ನು ನಿಲ್ಲಿಸದೆ ಪುಸ್ತಕವನ್ನು ಅಚ್ಚಿಗೆ ಕೊಡುವುದಿಲ್ಲ ಎಂದು ಹಟ ಹಿಡಿದ.

ಕೊನೆಗೊಂದು ದಿನ ಕೇಳಿಯೇಬಿಟ್ಟ. "ಯಾಕಕ್ಕ, ಚೆಂದಾಗಿಲ್ವಾ?"

"ಬಯ್ಯಂಗಿಲ್ಲ ಅಂದ್ರ ಹೇಳ್ತೀನ್ರಿ ಸಾಹೇಬ್ರ."

"ಇಲ್ಲ, ಹೇಳು."

"ನಿಮ್ಮ ರಾಣಿ ಮುಂಜಾನಿ ಎದ್ದು ಹೂವು ಮುಡೀತಾಳ, ಸಂಜಿಮುಂದ ಅಳ್ತಾಳ. ನಡುವ ಏನು ಮಾಡ್ತಾಳ್ರಿ? ರೊಟ್ಟಿ ಬಡಿಯಂಗಿಲ್ಲ, ಕಸ ಹೊಡಿಯಂಗಿಲ್ಲ, ಯಾರ ಕೂಡಾನೂ ಜಗಳಾಡಂಗಿಲ್ಲ. ಅಂಥಾಕಿ ಸತ್ರೇನು, ಇದ್ರೇನು? ನಿಮ್ಮೂರಾಗ ಹೆಂಗಸ್ರೇ ಇಲ್ಲೇನ್ರಿ?"

ಡಬ್ಬಿ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಆದಿನಾರಾಯಣ ನಗಲಿಲ್ಲ. ಕೈಯಲ್ಲಿದ್ದ ಹಾಳೆಗಳನ್ನು ಮಡಿಚಿ ಜೇಬಿಗೆ ತುರುಕಿಕೊಂಡ.

ಮುಂದೆ ಕೆಲವು ವಾರ ಡಬ್ಬಿಯಲ್ಲಿ ಕಥೆಯೇ ಇಲ್ಲ. ಆಮೇಲೊಂದು ಸಂಜೆ ಹೊಸ ಹಾಳೆ ಹಿಡಿದು ಕೂತ. ರಾಣಿಗೆ ರಜೆ. ಈ ಸಲ ಬಂದವಳು ರತ್ನಗಿರಿಯ ಅವನ ಸೋದರತ್ತೆ ಕದಿರಮ್ಮ. ವರ್ಷಕ್ಕೊಮ್ಮೆ ಕಂದಾಯದ ಲೆಕ್ಕ ನೋಡಲು ಜಮಾಬಂದಿಗೆ ಬರುವ ರೆವಿನ್ಯೂ ಇನ್ಸ್‌ಪೆಕ್ಟರಿಗೆ ಊರಿನ ಕೋಳಿಗಳ ಮೇಲೆ ಆಸೆ. ಅವನು ಬರುವ ದಿನ ಕದಿರಮ್ಮ ಊರ ಹೆಂಗಸರನ್ನೆಲ್ಲ ಕಟ್ಟಿಕೊಂಡು, ಇದ್ದಬದ್ದ ಕೋಳಿಗಳನ್ನು ಬುಟ್ಟಿಗಳಲ್ಲಿ ಮುಚ್ಚಿ ಬೆಟ್ಟದ ಕೋಟೆಗೆ ಸಾಗಿಸಿದಳು. ಅನುಮಾನ ಬಂದ ಇನ್ಸ್‌ಪೆಕ್ಟರ್ ಏದುಸಿರು ಬಿಡುತ್ತ ಬೆಟ್ಟ ಹತ್ತಿದ. ಕೋಟೆಗೋಡೆಯ ಆಚೆ ಅವನು. ಈಚೆ, ಸೆರಗಿನೊಳಗೆ ಹುಂಜದ ಕೊಕ್ಕು ಹಿಡಿದುಕೊಂಡು ಕದಿರಮ್ಮ. ಅಷ್ಟರಲ್ಲಿ ಓಬಳಾಪುರ ಬಂತು.

ತಿಪ್ಪಕ್ಕ ಎದ್ದಳು. ಬುಟ್ಟಿ ಎತ್ತಿಕೊಂಡಳು. ಇಳಿದಳು. ಆದಿನಾರಾಯಣನ ದನಿ ಅಲ್ಲೇ ಸತ್ತುಹೋಯಿತು.

ಅವಳು ಮನೆಯ ಕಡೆ ಹೋಗಲಿಲ್ಲ. ಹೊರಗಿನಿಂದ ಬಂದು ಕಿಟಕಿಯ ಕಂಬಿ ಹಿಡಿದು ನಿಂತಳು. "ಯಾಕ ನಿಲ್ಲಿಸಿದ್ರಿ? ಹುಂಜ ಕೂಗ್ತೋ, ಇಲ್ಲೋ?"

ಗಾರ್ಡ್ ದೊಡ್ಡರಂಗಪ್ಪ ಹಸಿರು ಬಾವುಟ ಹಿಡಿದು ಬಂದ. ತಿಪ್ಪಕ್ಕ ಅವನಿಗೇ ಗದರಿದಳು. "ಆ ಬಾವುಟ ಬಗಲಾಗ ಇಟ್ಕೋ ಯಣ್ಣ. ಹುಂಜದ ಗತಿ ತಿಳೀಲಿ."

"ಯಾವ ಹುಂಜ?"

ಡಬ್ಬಿಯ ಜನ ನಾ ಮುಂದು ತಾ ಮುಂದು ಎಂದು ಅವನಿಗೆ ಹಿಂದಿನ ಕಥೆ ಒಪ್ಪಿಸಿದರು. ಆದಿನಾರಾಯಣ ಒದ್ದಾಡಿದ. "ಟೈಮಾಯ್ತು ಕಣಯ್ಯ, ಬಾವುಟ ತೋರ್ಸು!"

"ತೋರಿಸ್ತೀನ್ರಿ. ಹುಂಜಕ್ಕ ಏನಾತು, ಮೊದ್ಲು ಅದನ್ನ ಹೇಳ್ರಿ."

ತಡವಾದ ಗಾಡಿಯನ್ನು ಕಂಡರೆ ಉರಿದುಬೀಳುತ್ತಿದ್ದ ಸಾಹೇಬ ಒಮ್ಮೆ ಗಡಿಯಾರ ನೋಡಿದ, ಒಮ್ಮೆ ತಿಪ್ಪಕ್ಕನನ್ನು ನೋಡಿದ. ಹಾಳೆ ತಿರುವಿ ಓದಿದ.

ಹುಂಜ ಕೂಗೇಬಿಟ್ಟಿತು. ಕದಿರಮ್ಮ ತಟ್ಟನೆ ಗೋಡೆಯ ಮೇಲೆ ತಲೆಯೆತ್ತಿ, ಹುಂಜಕ್ಕಿಂತ ಜೋರಾಗಿ ತಾನೇ ಕೂಗಿದಳು. "ಏನೇ ಇದು?" ಎಂದ ಇನ್ಸ್‌ಪೆಕ್ಟರ್. "ನಮ್ ಕೋಟೆ ದೇವ್ರಿಗೆ ಹಿಂಗೇ ಹರಕೆ ಸ್ವಾಮಿ. ಕೂಗಿದೋರ್ಗೆ ಪ್ರಮೋಷನ್ ಆಯ್ತದೆ." ಆ ಮಹಾನುಭಾವ ಸುತ್ತ ನೋಡಿದ, ಪೇಟ ಬಿಗಿ ಮಾಡಿಕೊಂಡ, ಕತ್ತು ನಿಗುರಿಸಿ ತಾನೂ ಕೂಗಿದ.

ತಿಪ್ಪಕ್ಕ ನಕ್ಕ ನಗುವಿಗೆ ಬುಟ್ಟಿ ಉರುಳಿ ಇಂಜಿನ್ನಿನ ಕಡೆ ಹೋಯಿತು. ದೊಡ್ಡರಂಗಪ್ಪ ಬಾವುಟದಲ್ಲೇ ಕಣ್ಣೊರೆಸಿಕೊಂಡ. "ಗಾಡಿ ಯಾಕ ತಡ ಆತು ಅಂತ ಬರೀಲ್ರಿ ಸಾಹೇಬ್ರ?"

"ನನ್ನೆಸ್ರೇ ಬರಿ," ಎಂದ ಆದಿನಾರಾಯಣ. ಅವನ ಮುಖದಲ್ಲಿ ಹುಳಿಯಿರಲಿಲ್ಲ.

ಗಾಡಿ ಕದಲಿತು. ತಿಪ್ಪಕ್ಕ ಕಿಟಕಿಯ ಜೊತೆಜೊತೆಗೇ ಓಡಿದಳು. "ಆ ಕದಿರಮ್ಮ ಬದುಕ್ಯಾಳೇನ್ರಿ?"

"ಅವ್ಳೆ ಕಣಕ್ಕ! ಗಟ್ಟಿಮುಟ್ಟಾಗವ್ಳೆ!"

"ಓಬಳಾಪುರದ ತಿಪ್ಪಕ್ಕ ಕೇಳಿದ್ಲು ಅಂತ ಹೇಳ್ರಿ!"