ತಂತಿಗಳು ಮಾತಾಡಿದ ಮೇಲಿನ ಊರು

ಝೆರಾಕ್ಸ್ ಮಷಿನ್ನಿನಿಂದ ಆಗಷ್ಟೇ ಹೊರಬಿದ್ದ ಕಾಗದ ಬೆಚ್ಚಗಿರುತ್ತದೆ. ಇಸ್ತ್ರಿ ಬಟ್ಟೆಯಷ್ಟು ಬಿಸಿ, ಜೊತೆಗೆ ಒಂದಿಷ್ಟು ಕರಕಲು ಮಸಿಯ ವಾಸನೆ. ನಮ್ಮ ಅಂಗನವಾಡಿಯ ಲೆಕ್ಕಪತ್ರವೆಲ್ಲ ಮೊಬೈಲಿಗೆ ಹೋದ ಮೇಲೆ ಆ ವಾಸನೆ ನನಗೆ ತಪ್ಪಿಯೇ ಹೋಗಿತ್ತು. ಹೋದ ವಾರ ಯಾವುದೋ ಅರ್ಜಿಗೆ ಆಧಾರ್ ಪ್ರತಿ ಬೇಕಾಗಿ ರಾಯಬಾಗಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರದ ಹೊಸ ಅಂಗಡಿಯ ಹುಡುಗಿ ಎರಡು ಹಾಳೆ ತೆಗೆದು ಕೈಗಿಟ್ಟಳು. ನಾನು ಅವನ್ನು ಚೀಲಕ್ಕೆ ಹಾಕದೆ ಹಾಗೇ ಹಿಡಿದುಕೊಂಡು ನಿಂತೆ.

"ಯಾಕ್ರಿ, ಸರಿ ಬಂದಿಲ್ಲೇನ್ರಿ?" ಎಂದಳು ಆಕೆ.

ಸರಿಯಾಗೇ ಬಂದಿತ್ತು...

ಅದೇ ರಸ್ತೆಯಲ್ಲಿ, ಈಗ ಡಾಂಬರಿನ ಕೆಳಗೆ ಹೋಗಿರುವ ಜಾಗದಲ್ಲಿ, ಹಿಂದೆ ನನ್ನ ಪರಿಚಯದವರೊಬ್ಬರ ಝೆರಾಕ್ಸ್ ಅಂಗಡಿ ಇತ್ತು. ಮೂರು ಜನ ಒಳಗೆ ನಿಂತರೆ ನಾಲ್ಕನೆಯವರು ಮೆಟ್ಟಿಲ ಮೇಲೆ ಕಾಯಬೇಕು, ಅಷ್ಟು ಸಣ್ಣದು. ಅವರು ಕೊಗನೊಳ್ಳಿ ಕಡೆಯವರು. ಶಿರಗುಪ್ಪಿ ಹತ್ತಿರ ಕಬ್ಬಿನ ಕಾರ್ಖಾನೆಯಲ್ಲಿ ಹಲವು ಹಂಗಾಮು ವೈರಿಂಗ್ ಕೆಲಸ ಮಾಡಿ, ದಮ್ಮಿನ ತ್ರಾಸು ಶುರುವಾದಾಗ ಬಿಟ್ಟು ಬಂದು ಈ ಅಂಗಡಿ ಇಟ್ಟಿದ್ದರು. ಒಬ್ಬರೇ ಇದ್ದರು. ಹಾಳೆ ಎಣಿಸುವಾಗ ಮಾತ್ರ ಮರಾಠಿ, ಏಕ್, ದೋನ್, ತೀನ್. ಉಳಿದ ಹೊತ್ತು ಕನ್ನಡ. ನಾನು ವಾರಕ್ಕೊಮ್ಮೆ ಮಕ್ಕಳ ತೂಕದ ಪಟ್ಟಿ, ಆಹಾರದ ನಮೂನೆ ಹಿಡಿದುಕೊಂಡು ಹೋಗುತ್ತಿದ್ದೆ. ನಾನು ಅವರಿಗೆ ಅಣ್ಣಾರ, ಅವರು ನನಗೆ ಅಕ್ಕಾರ.

ಒಂದು ಸಲ ಕರೆಂಟು ಹೋಗಿ ಕಾಯುತ್ತ ಕುಳಿತಿದ್ದಾಗ ಕೌಂಟರಿನ ಮೇಲಿದ್ದ ಒಂದು ಕಟ್ಟು ಕಣ್ಣಿಗೆ ಬಿತ್ತು. ವಾರೆಯಾಗಿ ಬಂದು ಗಿರಾಕಿಗಳು ಬೇಡವೆಂದು ಬಿಟ್ಟುಹೋದ ಪ್ರತಿಗಳು. ಒಂದು ಬದಿಗೆ ಯಾರದೋ ಹೊಲದ ಪಹಣಿ ಉತಾರ, ಯಾರದೋ ಜಾತಿ ಪ್ರಮಾಣಪತ್ರ. ಇನ್ನೊಂದು ಬದಿಗೆ ಇವರ ಸಣ್ಣ ದುಂಡು ಅಕ್ಷರ. ಮೇಲಿನ ಹಾಳೆಯಲ್ಲಿ ನಕಾಶೆ ಇತ್ತು, ಏಳು ರಾಜ್ಯಗಳು. ಅದರ ಕೆಳಗಿನದರಲ್ಲಿ ಒಂದು ಟ್ರ್ಯಾಕ್ಟರು ಕಬ್ಬಿನ ಹೊಲದಲ್ಲಿ ಬಗ್ಗಿ ಮೇಯುತ್ತಿದ್ದ ಚಿತ್ರ.

"ಇದೇನ್ರಿ ಅಣ್ಣಾರ?" ಎಂದೆ.

ಅವರು ಸಂಕೋಚಪಟ್ಟುಕೊಂಡೇ ಹೇಳಿದರು. ಅವರ ಅಕ್ಕನ ಮಗ ಕೊಲ್ಹಾಪುರದ ಹಾಸ್ಟೆಲಿನಲ್ಲಿದ್ದಾಗ ಗೆಳೆಯರ ಜೊತೆ ಒಂದು ಆಟ ಆಡುತ್ತಿದ್ದನಂತೆ. ಒಬ್ಬರು ಕಥೆ ಹೇಳಬೇಕು. ಉಳಿದವರು ಆ ಕಥೆಯೊಳಗಿನ ಒಬ್ಬೊಬ್ಬರಾಗಿ "ನಾನು ಹೀಗೆ ಮಾಡುತ್ತೇನೆ" ಎನ್ನಬೇಕು. ಮಾಡಿದ್ದು ಕೈಗೂಡಿತೋ ಇಲ್ಲವೋ ದಾಳ ಹೇಳುತ್ತದೆ. ಇವರು ಅದನ್ನು ಒಮ್ಮೆ ನೋಡಿದ್ದು ಅಷ್ಟೇ. ಆಮೇಲೆ ಆರು ವರ್ಷ ತಮ್ಮದೇ ಒಂದು ಲೋಕವನ್ನು ಬರೆಯುತ್ತ ಕುಳಿತಿದ್ದರು. ದಾಳದ ಬದಲು ನಾಲ್ಕು ಕವಡೆ.

ಆ ಲೋಕದಲ್ಲಿ ಹಿಂದೊಮ್ಮೆ ಜನ ಮಂತ್ರವನ್ನು ತಾಮ್ರದ ತಂತಿಯಲ್ಲಿ ಹರಿಸುವುದನ್ನು ಕಲಿತಿದ್ದರು. ದೀಪ, ಗಿರಣಿ, ಪಂಪ್‌ಸೆಟ್ ಎಲ್ಲವೂ ಮಂತ್ರದಿಂದಲೇ ನಡೆಯುತ್ತಿದ್ದವು. ಇನ್ನಷ್ಟು, ಇನ್ನಷ್ಟು ಎಂದು ತುಂಬಿದರು. ಕೊನೆಗೊಂದು ದಿನ ತಂತಿಗಳೆಲ್ಲ ಒಮ್ಮೆಲೇ ಮಾತಾಡಿದವು. ಕೇಳಿದವರು ಬಿದ್ದರು. ಕೇಳಿದ ಯಂತ್ರಗಳು ಎದ್ದವು. ಆವತ್ತಿನಿಂದ ಟ್ರ್ಯಾಕ್ಟರುಗಳು ಹಿಂಡು ಕಟ್ಟಿಕೊಂಡು ಮೇಯುತ್ತವೆ, ಚಿಮಣಿಗಳು ಜಾಗ ಬಿಟ್ಟು ನಡೆಯುತ್ತವೆ, ಬಾವಿಯ ಪಂಪ್‌ಸೆಟ್ ನೀರಿನ ಬದಲು ಸತ್ತವರ ದನಿಯನ್ನು ಎಳೆದು ತರುತ್ತದೆ. ಇಷ್ಟರ ನಡುವೆ ನಲವತ್ತು ಮನೆಯ ಒಂದು ಊರು ಉಳಿದಿದೆ.

ಯಾರಾದರೂ ಆಡಿದ್ದಾರೆಯೇ ಎಂದು ಕೇಳಿದೆ. ಕಾಲೇಜಿನ ನಾಲ್ವರನ್ನು ಕೂಡಿಸಿದ್ದರಂತೆ, ಅರ್ಧ ತಾಸಿಗೆ ಎದ್ದುಹೋದರಂತೆ.

"ಮಳಿಗಾಲ ಮುಗದ ಮ್ಯಾಲ ರಸ್ತೆ ಅಗಲ ಮಾಡ್ತಾರ, ಅಂಗಡಿ ಹೋಗತೈತ್ರಿ ಅಕ್ಕಾರ. ಅಷ್ಟರಾಗ ಒಬ್ಬರರೆ ಆ ಊರಾಗ ಉಳದ್ರ ಸಾಕು. ಇಲ್ಲಂದ್ರ ಇದನ್ನ ರದ್ದಿಗೆ ಹಾಕ್ತೀನಿ," ಎಂದರು. ನಗುತ್ತಲೇ ಅಂದರು, ಆದರೆ ಕೈ ಮಾತ್ರ ಕಟ್ಟಿನ ಮೇಲೇ ಇತ್ತು.

ನಾನು ಇಬ್ಬರನ್ನು ಕರೆದುಕೊಂಡು ಬರುವುದಾಗಿ ಮಾತು ಕೊಟ್ಟೆ. ಒಬ್ಬಳು ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ನಾಲ್ಕು ಎಮ್ಮೆ ಕಟ್ಟಿ ಡೇರಿಗೆ ಹಾಲು ಹಾಕುವವಳು. ಇನ್ನೊಬ್ಬರು ನಮ್ಮ ಓಣಿಯಲ್ಲಿ ಕುರಿ ಕಾಯುವ ಕಾಕಾ. ಮುಂದಿನ ಐತವಾರ ಮಧ್ಯಾಹ್ನ ಶಟರ್ ಅರ್ಧ ಇಳಿಸಿ ಚಾಪೆಯ ಮೇಲೆ ಕುಳಿತೆವು. ಯಾರು ಏನಾಗುತ್ತೀರಿ ಎಂದು ಅಂಗಡಿಯವರು ಕೇಳಿದರು. ಯೋಧ ಆಗಬಹುದು, ಮಂತ್ರವಾದಿ ಆಗಬಹುದು, ಯಂತ್ರ ಬಿಚ್ಚುವವ ಆಗಬಹುದು.

"ಮನಷ್ಯಾ ಆಗಿ ಎಪ್ಪತ್ತ ವರ್ಷಾತು, ಸಾಕಾಗೈತಿ. ನಾ ನಾಯಿ ಆಗ್ತೀನಿ ತಮ್ಮಾ," ಎಂದರು ಕಾಕಾ.

ಅಂಗಡಿಯವರು ಅದನ್ನೂ ಬರೆದುಕೊಂಡರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಶುರು ಮಾಡಿದರು. ಉತ್ತರದಲ್ಲಿ ಕಬ್ಬಿಣದ ಕೋಟೆ ಇದೆ, ಏಳು ದಿನದ ದಾರಿ, ನಾಳೆ ನಸುಕಿನಲ್ಲೇ ಹೊರಡಬೇಕು...

"ಏಳ ದಿನಾ?" ನೆಗೆಣ್ಣಿ ತಡೆದಳು. "ಎಮ್ಮಿ ಹಿಂಡಾವ್ರ ಯಾರ್ರಿ?"

"ಎಮ್ಮಿ ಇಲ್ರಿ ವೈನಿ ಅಲ್ಲೆ. ತಂತಿ ಮಾತಾಡಿದ ದಿನಾನ ಎಲ್ಲಾ ಹೋದುವು."

"ಎಲ್ಲಾ? ಒಂದ ಕರಾನೂ ಉಳೀಲಿಲ್ಲ?"

"ಇಲ್ರಿ."

"ಎಮ್ಮಿ ಇಲ್ಲದ ಊರಾಗ ನಾ ಏನ್ ಮಾಡ್ಲಿ? ನೀವ ಇರ್ರಿ ಅಲ್ಲೆ, ಆರಾಮ. ನನಗ ಡೇರಿ ಟೈಮ್ ಆತು," ಎಂದು ಸೆರಗು ಕೊಡವಿ ಎದ್ದೇಬಿಟ್ಟಳು. ಕಾಕಾ ನಕ್ಕರು. ನನಗೂ ನಗು ಬಂತು. ಅಂಗಡಿಯವರ ಮುಖ ನೋಡಿದ ಮೇಲೆ ನಗು ನಿಂತಿತು. ಅವರು ನಾಲ್ಕು ಕವಡೆಗಳನ್ನು ಒಂದೊಂದಾಗಿ ಎತ್ತಿ ಡಬ್ಬಿಗೆ ಹಾಕುತ್ತಿದ್ದರು.

ಮಂಗಳವಾರ ನಮೂನೆ ತೆಗೆಸಲು ಹೋದಾಗ ಆ ಕಟ್ಟು ಸುತಳಿ ಬಿಗಿದುಕೊಂಡು ರದ್ದಿಯ ರಾಶಿಯ ಮೇಲೆ ಕುಳಿತಿತ್ತು. ಶುಕ್ರವಾರ ರದ್ದಿಯವನು ಬರುತ್ತಾನೆ ಎಂದರು. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ತಲೆಯಲ್ಲಿ ಎರಡು ದಿನದಿಂದ ಕೊರೆಯುತ್ತಿದ್ದುದನ್ನೇ ಕೇಳಿದೆ.

"ಅಣ್ಣಾರ, ಆ ನಲವತ್ತ ಮನಿಯವರು ಮರುದಿನಾ ಮುಂಜಾನೆ ಏನ ತಿಂದ್ರು?"

"ಏನ ತಿಂದ್ರು ಅಂದ್ರ?"

"ಎಷ್ಟ ಮಕ್ಕಳಿದ್ವು ಅದರಾಗ? ಬಾಣಂತ್ಯಾರ ಎಷ್ಟ ಮಂದಿ? ಬಾವ್ಯಾಗ ಸತ್ತವರ ದನಿ ಬರಾಕತ್ತಿದ್ರ ಕುಡ್ಯಾಕ ನೀರ ಎಲ್ಲಿಂದ ತಂದ್ರು?"

ಅವರು ಮಷಿನ್ನಿನ ಮೇಲೆ ಕೈ ಊರಿದರು. "ನಲವತ್ತ ಹಾಳಿ ಬರೇ ಮಂತ್ರಾ ಬರದೀನಿ. ಇದನ್ನ ಬರೀಲಿಲ್ಲ ನೋಡ್ರಿ," ಎಂದರು. ನಾನು ಕಟ್ಟನ್ನು ಎತ್ತಿ ಚೀಲಕ್ಕೆ ಹಾಕಿಕೊಂಡೆ. ಅವರು ಬೇಡ ಎನ್ನಲಿಲ್ಲ.

ಮೂರು ದಿನ, ಮಕ್ಕಳು ಮಲಗಿದ ಮಧ್ಯಾಹ್ನದ ಹೊತ್ತಿನಲ್ಲಿ, ನಾನು ಆ ಹಾಳಾದ ಊರಿಗೆ ರಿಜಿಸ್ಟರ್ ಮಾಡಿದೆ. ನನಗೆ ಬರುವುದು ಅದೊಂದೇ ರೀತಿ. ಆರು ತಿಂಗಳಿಂದ ಮೂರು ವರ್ಷ, ಮೂರರಿಂದ ಆರು ವರ್ಷ, ಗರ್ಭಿಣಿ, ಬಾಣಂತಿ. ಜೋಳ ಎಷ್ಟು ಚೀಲ, ದಿನಕ್ಕೆ ಎಷ್ಟು ಸೇರು, ಎಷ್ಟು ದಿನ ಬರುತ್ತದೆ. ಉಪ್ಪು ಮುಗಿದರೆ ಏನು. ಯಾರ ಮನೆಯಲ್ಲಿ ಬೀಸುವ ಕಲ್ಲು ಉಳಿದಿದೆ. ತೆಗೆದುಕೊಂಡು ಹೋಗಿ ತೋರಿಸಿದಾಗ ಅವರು ಬೆರಳಿಟ್ಟು ಓದಿದರು.

"ಮಂತ್ರವಾದಿ ಯಾವ ಕಾಲಮ್ಮಿನ್ಯಾಗ ಬರ್ತಾನ್ರಿ ಅಕ್ಕಾರ?"

"ಅವಗ ಕಾಲಂ ಇಲ್ರಿ. ಬಾಣಂತ್ಯಾರದು ಮುಗದ ಮ್ಯಾಲ ಉಳದ್ರ ಹಾಕೂದು."

ಅವರು ನಕ್ಕರು, ದಮ್ಮು ಬರುವತನಕ ನಕ್ಕರು. ಔಷಧದ ಪಂಪು ಎಳೆದುಕೊಂಡು, ಕಣ್ಣು ಒರೆಸಿಕೊಂಡು, ಅದನ್ನೇ ಆ ಊರಿನ ಮೊದಲ ಕಾಯ್ದೆ ಎಂದು ಬರೆದರು. ನಾನು ತಪ್ಪಾಗಿ ಸರಕಾರಿ ನಮೂನೆಯನ್ನೇ ಅಲ್ಲಿಗೂ ಒಯ್ದಿದ್ದೇನೆ ಎಂದು ನಾಚಿಕೊಂಡಿದ್ದೆ. ಅವರಿಗೆ ಅದು ತಪ್ಪು ಅನಿಸಲೇ ಇಲ್ಲ. ಇಪ್ಪತ್ತು ವರ್ಷದಿಂದ ನಾನು ತುಂಬಿದ ರಿಜಿಸ್ಟರುಗಳನ್ನು ಯಾರೂ ಹಾಗೆ ಓದಿರಲಿಲ್ಲ...

ಎಮ್ಮೆಯ ಪ್ರಶ್ನೆ ಬಗೆಹರಿಸಿದವರು ಕಾಕಾ. ಯಾವುದೋ ಕಾರ್ಡಿನ ಪ್ರತಿಗೆ ಬಂದವರು ಮೆಟ್ಟಿಲ ಮೇಲೆ ಕುಳಿತು ಕೇಳಿದರು: "ಎಮ್ಮಿ ಹೆಂಗ ಸತ್ತುವು ಅಂದಿ ತಮ್ಮಾ?"

"ತಂತಿ ಮಾತ ಕೇಳಿ, ಕಾಕಾ."

"ಮಟಮಟ ಮಧ್ಯಾಹ್ನ ಎಮ್ಮಿ ಎಲ್ಲಿರತೈತಿ? ಹೊಳ್ಯಾಗ. ಮೂಗ ಅಷ್ಟ ಮ್ಯಾಲ, ಕಿವಿ ನೀರಾಗ. ಅದಕ್ಕೇನ ಕೇಳಸ್ತೈತಿ? ನಾ ದಂಡಿ ಮ್ಯಾಲ ನಿಂತ ಒದರಿದ್ರನ ಕೇಳಸೂದಿಲ್ಲ ಆ ಧಿಮಾಕಿನ ಹೆಂಗಸಿಗೆ."

ಅಂಗಡಿಯವರು ಪೆನ್ನು ಹುಡುಕಾಡಿದರು. ತಂತಿಗಳು ಮಾತಾಡಿದ್ದು ಬೇಸಿಗೆಯ ನಡುಹಗಲು ಎಂದಾಯಿತು. ನೀರಿನಲ್ಲಿ ಬಿದ್ದುಕೊಂಡಿದ್ದ ಎಮ್ಮೆಗಳು ಬದುಕಿದವು. ಕೆಟ್ಟ ಮಂತ್ರ ತಾಗದೆ ಉಳಿದದ್ದು ಅವುಗಳ ಹಾಲೊಂದೇ. ಹುಚ್ಚೆದ್ದ ಯಂತ್ರದ ಮೇಲೆ ಆ ಹಾಲು ಸುರಿದರೆ ಅದು ನಿದ್ದೆ ಹೋಗುತ್ತದೆ. ಆದರೆ ಎಮ್ಮೆ ಎಂದ ಮೇಲೆ ಎರಡು ಹೊತ್ತು ಹಿಂಡಲೇಬೇಕು. ಮುಂಜಾನೆ ಹಿಂಡಿ ಹೊರಟವರು ಸಂಜೆ ಹಿಂಡುವ ಹೊತ್ತಿಗೆ ತಿರುಗಿ ಬರಬೇಕು. ಅಷ್ಟೇ ಆ ಲೋಕದ ಅಳತೆ. ಅದರಾಚೆಗೆ ಹೋದವರಿಲ್ಲ.

ಹಾಗೆ ಅಳೆದು ನೋಡಿದರೆ ನಕಾಶೆಯ ಏಳು ರಾಜ್ಯಗಳಲ್ಲಿ ಆರಕ್ಕೆ ಯಾರೂ ಮುಟ್ಟುವಂತಿರಲಿಲ್ಲ. ಅವರು ಕೆಂಪು ಪೆನ್ನು ತೆಗೆದುಕೊಂಡು ಒಂದೊಂದನ್ನೇ ಹೊಡೆದುಹಾಕಿದರು. ಕಬ್ಬಿಣದ ಕೋಟೆಯ ಹತ್ತಿರ ಕೈ ಸ್ವಲ್ಪ ನಿಂತಿತು. ಅದಕ್ಕೆ ಎರಡು ವರ್ಷ ಹಿಡಿದಿತ್ತಂತೆ. "ಇರಲಿ ಬಿಡ್ರಿ ಅದು," ಎಂದೆ. "ಬ್ಯಾಡ್ರಿ. ಯಾರೂ ಹೋಗದ ಕೋಟಿ ಇಟಗೊಂಡ ಏನ್ ಮಾಡೂದು?" ಎಂದು ಗೀಟು ಎಳೆದೇಬಿಟ್ಟರು. ಉಳಿದ ಒಂದರೊಳಗಿನ ಆ ನಲವತ್ತು ಮನೆಯ ಊರನ್ನು ದೊಡ್ಡ ಹಾಳೆಯ ಮೇಲೆ ಹೊಸದಾಗಿ ಬರೆದರು. ಹೊಳೆ, ಮಡು, ಬೀಸುವ ಕಲ್ಲಿನ ಮನೆ, ಕೊಟ್ಟಿಗೆಗಳು.

ನೆಗೆಣ್ಣಿಯನ್ನು ಮತ್ತೆ ಕರೆತರುವುದಕ್ಕೆ ನಾನು ಎರಡು ದಿನ ಅವಳ ಜೊತೆ ಸೆಗಣಿ ಬಳಿದೆ. "ಎಮ್ಮಿ ಬಂದಾವ ಬಾರಬೇ," ಎಂದರೆ "ಯಾರ ಎಮ್ಮಿ?" ಎಂದಳು. ಬಂದಳು. ಆವತ್ತು ಅಂಗಡಿಯವರು ಕೋಟೆ ಎನ್ನಲಿಲ್ಲ, ಯುದ್ಧ ಎನ್ನಲಿಲ್ಲ. "ನಸುಕಾಗೈತಿ. ನಿಮ್ಮ ಎಮ್ಮಿ ಕೊಟ್ಟಿಗ್ಯಾಗ ಒದರಾಕತ್ತೈತಿ. ಹೊರಗ ಒಂದ ಟ್ರ್ಯಾಕ್ಟರ್ ಬಂದ ಜ್ವಾಳದ ಕಣಿಕಿ ತಿನ್ನಾಕತ್ತೈತಿ," ಎಂದರು.

"ನನ್ನ ಕಣಿಕಿ?" ಎಂದು ನೆಗೆಣ್ಣಿ ನೆಟ್ಟಗೆ ಕುಳಿತಳು.

ನಾಯಿಯಾಗಿದ್ದ ಕಾಕಾ ಬೊಗಳಿದರು, ನಿಜವಾಗಿಯೂ ಬೊಗಳಿದರು, ರಸ್ತೆಯವರು ಶಟರಿನ ಕೆಳಗೆ ಬಗ್ಗಿ ನೋಡಿದರು. ನಾನು ಪಡಿತರ ಅಳೆಯುವವಳು, ಒಂದು ತಂಬಿಗೆಗಿಂತ ಹೆಚ್ಚು ಹಾಲು ಕೊಡುವುದಿಲ್ಲ ಎಂದೆ. ನೆಗೆಣ್ಣಿ ನನ್ನನ್ನು ಜಿಪುಣಿ ಎಂದು ಬೈದು, ಒಂದೇ ತಂಬಿಗೆ ಹಿಡಿದು ಟ್ರ್ಯಾಕ್ಟರಿನ ಮೂತಿಗೆ ಹೋಗಿ ನಿಂತಳು. ಕವಡೆ ಉರುಳಿದವು. ನಾಲ್ಕೂ ಬಾಯಿ ಮೇಲೆ ಮಾಡಿ ಬಿದ್ದವು. ಟ್ರ್ಯಾಕ್ಟರು ಮುಂದಿನ ಗಾಲಿ ಮಡಚಿ ಮಲಗಿತು. ಅವಳು ತೊಡೆ ತಟ್ಟಿದ ಸದ್ದು ನನಗೆ ಈಗಲೂ ಕೇಳಿಸುತ್ತದೆ.

ಆಮೇಲೆ ಅವಳು ಗಡಿಯಾರ ನೋಡಿ ಎದ್ದಳು. ಡೇರಿಯ ಹೊತ್ತು. ಅಂಗಡಿಯವರು ತಲೆ ತಗ್ಗಿಸಿ ಕವಡೆ ಆಯತೊಡಗಿದರು. ನೆಗೆಣ್ಣಿ ಶಟರಿನ ಕೆಳಗೆ ಬಗ್ಗಿದವಳು ಹಾಗೇ ತಿರುಗಿ ಹೇಳಿದಳು:

"ಮುಂದಿನ ಐತವಾರ ನಾ ಬರೂತನಕಾ ಸುರು ಮಾಡಬ್ಯಾಡ್ರಿ ಮತ್ತ. ಅಲ್ಲಿ ನನ್ನ ಎಮ್ಮಿ ಗಬ್ಬ ಐತಿ."

ಗಬ್ಬ ಎಂದು ಯಾರೂ ಹೇಳಿರಲಿಲ್ಲ. ಅವಳೇ ಆ ಊರಿನೊಳಗೆ ನೋಡಿಕೊಂಡು ಬಂದಿದ್ದಳು. ಅಂಗಡಿಯವರು ನಮಗೆ ಬೆನ್ನು ಮಾಡಿ ಮಷಿನ್ನಿನ ಮುಚ್ಚಳ ಎತ್ತಿ ಗಾಜು ಒರೆಸತೊಡಗಿದರು. ಒರೆಸಿದ ಗಾಜನ್ನೇ ಬಹಳ ಹೊತ್ತು ಒರೆಸಿದರು. ನಾನೂ ಕಾಕಾನೂ ಚಾಪೆ ಸುತ್ತಿಟ್ಟು ಸದ್ದಿಲ್ಲದೆ ಬಂದೆವು.

ಮಳೆಗಾಲ ಮುಗಿಯಿತು, ಅಂಗಡಿ ಹೋಯಿತು. ಅವರು ಕೊಗನೊಳ್ಳಿಗೆ, ಅಕ್ಕನ ಮನೆಗೆ ಹೋದರು. ಆದರೂ ಐತವಾರ ಬಿಡಲಿಲ್ಲ. ನಿಪ್ಪಾಣಿ, ಚಿಕ್ಕೋಡಿ ಎಂದು ಬಸ್ಸು ಬದಲಿಸುತ್ತ ನಮ್ಮ ಅಂಗನವಾಡಿಯ ಕಟ್ಟೆಗೆ ಬಂದು ಕೂರುತ್ತಿದ್ದರು. ಬಂದ ಕೂಡಲೇ ಮಾತಾಡಲಾಗದು, ಕೈ ಎತ್ತಿ "ತಡೀರಿ" ಎನ್ನುವರು. ಉಸಿರು ಹದಕ್ಕೆ ಬಂದ ಮೇಲೆ "ನಸುಕಾಗೈತಿ..." ಎಂದು ಶುರು. ಆ ಎಮ್ಮೆ ಈಯಿತು. ನನ್ನ ಜೋಳ ಎರಡು ಸಲ ತೀರಿ, ಎರಡು ಸಲ ಬೆಳೆಯಿತು. ಒಂದು ಐತವಾರ ಹೋಗುವಾಗ ಕಟ್ಟನ್ನು ನನ್ನ ಬಳಿಯೇ ಬಿಟ್ಟರು. "ಬರೂದ ತಡಾ ಆದ್ರ ನೀವ ಹೇಳ್ರಿ ಅಕ್ಕಾರ," ಎಂದರು. ಎರಡು ವಾರದ ಮೇಲೆ ಅವರ ಅಕ್ಕ ಫೋನ್ ಮಾಡಿದರು. ತಮ್ಮ ತೀರಿಹೋದನೆಂದು ಮರಾಠಿಯಲ್ಲಿ ಹೇಳಿದರು. ನನಗೆ ಮರಾಠಿ ಬರುತ್ತದೆ, ಆದರೂ ಎರಡು ಸಲ ಹೇಳಿಸಿಕೊಂಡೆ...

ಈಗ ಐತವಾರ ನಾನೇ ಹೇಳುತ್ತೇನೆ. ಕಾಕಾನಿಗೆ ಕಿವಿ ಮಂದವಾಗಿದೆ, ಬೊಗಳುವುದು ಇನ್ನೂ ಜೋರಾಗಿದೆ. ನೆಗೆಣ್ಣಿಯ ಇಬ್ಬರು ಗೆಳತಿಯರು ಸೇರಿಕೊಂಡಿದ್ದಾರೆ. ನನಗೆ ಒಂದು ಸಂಗತಿ ತಿಳಿದದ್ದು ಕಥೆ ಹೇಳಲು ಕುಳಿತ ಮೊದಲ ದಿನ. ಹೇಳುವವರು ಆಡುವಂತಿಲ್ಲ. ನನ್ನ ಪಡಿತರದವಳನ್ನು ಬೇರೆಯವರಿಗೆ ಬಿಟ್ಟುಕೊಡಬೇಕಾಯಿತು. ಆವತ್ತಿನಿಂದ ಆ ಊರಿನಲ್ಲಿ ನನಗೆ ಮನೆಯಿಲ್ಲ. ಎಲ್ಲರೂ ಒಳಗೆ ಹೋಗುತ್ತಾರೆ, ನಾನು ಹೊರಗಿನಿಂದ ಗಾಳಿ, ಬಿಸಿಲು, ಟ್ರ್ಯಾಕ್ಟರು ಆಗಿರುತ್ತೇನೆ. ಒಂದೂವರೆ ವರ್ಷ ಅವರು ನಮಗಾಗಿ ಹೀಗೇ ಇದ್ದರು.

ಅವರಿಂದ ನನಗೆ ಸಿಕ್ಕಿದ್ದನ್ನು ಹೇಳಿ ಮುಗಿಸಲಾರೆ. ಬೇಸರವಿರುವುದು ಒಂದೇ ಮಾತಿಗೆ. ಒಂದು ಐತವಾರವಾದರೂ "ಅಣ್ಣಾರ, ಇವತ್ತ ನೀವ ಆಡ್ರಿ, ನಾ ಹೇಳ್ತೀನಿ" ಎನ್ನಬಹುದಿತ್ತು. ಆ ನಲವತ್ತು ಮನೆಗಳಲ್ಲಿ ಅವರು ಯಾವುದನ್ನು ಆರಿಸಿಕೊಳ್ಳುತ್ತಿದ್ದರೋ, ಏನಾಗಿರುತ್ತಿದ್ದರೋ, ನಾವು ಯಾರೂ ಕೇಳಲಿಲ್ಲ. ಆಗ ನನಗೆ ಕಥೆ ಹೇಳಲು ಬರುತ್ತಿರಲಿಲ್ಲ. ಈಗ ಬರುತ್ತದೆ.